ಸಾಲ ತೀರಿಸಲಾಗದವರಿಗಾಗಿ ಬರೆದಿಟ್ಟ ಕಾನೂನನ್ನು ಜಾರಿಗೆ ತನ್ನಿ: ಉಡುಪಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಕೇಂದ್ರ ಹಣಕಾಸು ಮತ್ತು ಕಾರ್ಪೊರೇಟ್ ವ್ಯವಹಾರಗಳ ಸಚಿವರು, ನವದೆಹಲಿ

ಪ್ರತಿ: ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಿಗೆ

ಮಾನ್ಯರೇ,

2016ರ ಮೇ ತಿಂಗಳಲ್ಲಿ ಸಂಸತ್ತು ಒಪ್ಪಿದ ದಿವಾಳಿ ಸಂಹಿತೆಯಲ್ಲಿ, ಅಂದರೆ ಎಲ್ಲರೂ ಐಬಿಸಿ ಎನ್ನುವ ಕಾಯ್ದೆಯಲ್ಲಿ, ಮೂರನೇ ಭಾಗ ಅಂತ ಒಂದಿದೆ. 78ನೇ ಸೆಕ್ಷನ್ನಿನಿಂದ 187ರ ತನಕ. ಸಾಮಾನ್ಯ ವ್ಯಕ್ತಿಯೊಬ್ಬ, ಇಲ್ಲವೇ ಪಾಲುದಾರಿಕೆಯ ಸಣ್ಣ ಸಂಸ್ಥೆಯೊಂದು ಸಾಲ ತೀರಿಸಲಾಗದೆ ಕೈಚೆಲ್ಲಿ ಕುಳಿತಾಗ ಏನು ಮಾಡಬೇಕು ಎಂಬುದನ್ನು ಅಲ್ಲಿ ವಿವರವಾಗಿ ಬರೆದಿದ್ದಾರೆ. ಕಂಪನಿಗಳ ಭಾಗ ಅದೇ ವರ್ಷ ಡಿಸೆಂಬರಿನಲ್ಲಿ ಜಾರಿಗೆ ಬಂತು. ಮೂರನೇ ಭಾಗವನ್ನು ಜಾರಿಗೆ ತಂದದ್ದು 2019ರ ಡಿಸೆಂಬರ್ 1ರಂದು, ಅದೂ ಒಂದೇ ಒಂದು ವರ್ಗಕ್ಕೆ: ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ. ಉಳಿದವರ ಪಾಲಿಗೆ ಅದು ಇಂದಿಗೂ ಕಾಗದದ ಮೇಲಷ್ಟೇ ಇದೆ.

ಪ್ರೈವೇಟ್ ಲಿಮಿಟೆಡ್ ಕಂಪನಿ ಕಟ್ಟಿ ಕೋಟಿಗಟ್ಟಲೆ ಸಾಲ ಎತ್ತಿ, ಅದಕ್ಕೆ ಜಾಮೀನು ಸಹಿ ಹಾಕಿದ ನಿರ್ದೇಶಕರಿಗೆ ಈ ಕಾನೂನು ಸಿಗುತ್ತದೆ. ಬಂದರಿನಲ್ಲಿ ಸ್ವಂತ ಹೆಸರಲ್ಲಿ ದಿನಸಿ ಅಂಗಡಿ ಇಟ್ಟವರಿಗೆ ಸಿಗುವುದಿಲ್ಲ. ಮಲ್ಪೆಯಲ್ಲಿ ನಾಲ್ಕು ಜನ ಸೇರಿ ಬೋಟು ಕೊಂಡವರಿಗೆ ಸಿಗುವುದಿಲ್ಲ. ಕಾರ್ಕಳದಲ್ಲಿ ಹೊಲಿಗೆ ಮೆಷಿನ್ ಹಾಕಿ ರೆಡಿಮೇಡ್ ಬಟ್ಟೆ ಮಾಡುತ್ತಿದ್ದ ಹೆಂಗಸಿಗೆ ಸಿಗುವುದಿಲ್ಲ. ಇದು ಸರಿಯಲ್ಲ ಎಂದು ಹೇಳುವುದಕ್ಕೇ ಈ ಪತ್ರ.

ನಾನು ಉಡುಪಿಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದು, ಜಿಎಸ್‌ಟಿ, ಆದಾಯ ತೆರಿಗೆ ರಿಟರ್ನ್ ಹಾಕಿಕೊಡುವವಳು. ತಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಹಣಕಾಸು, ಕಾರ್ಪೊರೇಟ್ ವ್ಯವಹಾರ ಎರಡೂ ತಮ್ಮ ಕೈಯಲ್ಲಿರುವ ಖಾತೆಗಳು. ರಾಜ್ಯಸಭೆಗೆ ತಾವು ಆಯ್ಕೆಯಾದದ್ದು ಕರ್ನಾಟಕದಿಂದಲೇ. ಮೂರನೇ ಭಾಗ ಜಾರಿಗೆ ಬರಲು ಹೊಸ ಕಾಯ್ದೆ ಬೇಕಿಲ್ಲ, ಅಧಿಸೂಚನೆ ಬೇಕು.

ನಮ್ಮ ಕಚೇರಿಗೆ ಬರುವವರು ಲಾಭ ಬಂದಾಗ ಫೈಲಿನಲ್ಲಿ ಕಾಗದ ತರುತ್ತಾರೆ. ಸೋತಾಗ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಾರೆ. ಮಲ್ಪೆಯ ಬೋಟಿನ ಪಾಲುದಾರರೊಬ್ಬರು ತಂದ ಚೀಲವನ್ನು ಮೇಜಿನ ಮೇಲೆ ಬಿಡಿಸಿದಾಗ ಬಂದದ್ದು ಇಷ್ಟು: ಬೋಟಿನ ಮೇಲಿನ ಬ್ಯಾಂಕ್ ಸಾಲದ ನೋಟಿಸು. ಎಂಜಿನ್ ಬದಲಿಸಲು ಸಹಕಾರಿ ಸಂಘದಲ್ಲಿ ತೆಗೆದ ಸಾಲ, ಅದಕ್ಕೆ ಜಾಮೀನು ನಿಂತವರು ಭಾವ ಮತ್ತು ಪಕ್ಕದ ಮನೆಯವರು. ಹೆಂಡತಿಯ ಬಳೆ ಅಡವಿಟ್ಟ ಚಿನ್ನದ ಸಾಲ, ಹರಾಜಿನ ದಿನಾಂಕ ಬಂದಿತ್ತು. ಎತ್ತಿದ ಮೇಲೆ ಕಂತು ಕಟ್ಟದ ಚಿಟ್. ಮೊಬೈಲಿನಲ್ಲಿ ತೆಗೆದ ಆ್ಯಪ್ ಸಾಲಗಳ ಸ್ಕ್ರೀನ್‌ಶಾಟ್ ಪ್ರಿಂಟು. ಕೊನೆಗೆ ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಹೆಂಡತಿ ಪೆನ್ಸಿಲಿನಲ್ಲಿ ಬರೆದಿಟ್ಟ ಕೈಸಾಲಗಳ ಪಟ್ಟಿ. ಡೀಸೆಲ್ ಬಾಕಿ, ಮಂಜುಗಡ್ಡೆ ಬಾಕಿ, ಬೋಟಿನಲ್ಲಿ ದುಡಿಯುವ ಕಲಾಸಿಗಳಿಗೆ ಕೊಡಬೇಕಾದದ್ದು, ದಿನಸಿ ಅಂಗಡಿಯದ್ದು. ಕೈಸಾಲ ಕೊಟ್ಟ ಇಬ್ಬರ ಹೆಸರಿನ ಮುಂದೆ ‘ಖಾಲಿ ಚೆಕ್’ ಎಂದು ಬರೆದು ಅಡಿಗೆರೆ ಎಳೆದಿದ್ದರು. ಎರಡು ಋತುಗಳು ಮೀನಿಲ್ಲದೆ ಹೋದವು. ಜೂನ್, ಜುಲೈಯ 61 ದಿನ ಹೇಗೂ ನಿಷೇಧ. ನಿಷೇಧ ಮುಗಿದ ಮೇಲೂ ಬೋಟು ನೀರಿಗಿಳಿಯಲಿಲ್ಲ, ಡೀಸೆಲ್ ಹಾಕಿಸಲು ಯಾರೂ ಸಾಲ ಕೊಡಲಿಲ್ಲ.

ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಕ್ಕ, ಇದರಲ್ಲಿ ಯಾವುದನ್ನು ಮೊದಲು ಕಟ್ಟಲಿ?”

ಮಾನ್ಯರೇ, ಈ ಪ್ರಶ್ನೆಗೆ ಲೆಕ್ಕಶಾಸ್ತ್ರದಲ್ಲಿ ಉತ್ತರವಿಲ್ಲ. ಕಾನೂನಿನಲ್ಲಿದೆ. ಈಗ ಆಗುತ್ತಿರುವುದು ಏನೆಂದರೆ, ಯಾರು ಹೆಚ್ಚು ಹೆದರಿಸುತ್ತಾರೋ ಅವರಿಗೆ ಮೊದಲು ದುಡ್ಡು ಹೋಗುತ್ತದೆ. ಮನೆ ಮುಂದೆ ಬಂದು ಕೂಗುವವನಿಗೆ, ಫೋನಿನಲ್ಲಿರುವ ನಂಬರಿಗೆಲ್ಲ ಮೆಸೇಜು ಹಾಕುತ್ತೇನೆ ಎನ್ನುವವನಿಗೆ, ಖಾಲಿ ಚೆಕ್ ಇಟ್ಟುಕೊಂಡವನಿಗೆ. ಮರ್ಯಾದೆಯಿಂದ ಕಾದ ಕಲಾಸಿಗೆ, ಡೀಸೆಲ್ ಕೊಟ್ಟವನಿಗೆ ಏನೂ ಉಳಿಯುವುದಿಲ್ಲ. ದಿವಾಳಿ ಕಾನೂನಿನ ತಿರುಳು ಇಷ್ಟೇ: ಅರ್ಜಿ ಬಿದ್ದ ಮೇಲೆ ಸಾಲ ಕೊಟ್ಟವರೆಲ್ಲರ ಓಟ ನಿಲ್ಲಬೇಕು, ಎಲ್ಲರೂ ಒಂದೇ ಕಡೆ ಬಂದು ತಮ್ಮ ಲೆಕ್ಕ ಹೇಳಬೇಕು, ಇರುವ ಆಸ್ತಿಯನ್ನು ನ್ಯಾಯಾಲಯದ ಕಣ್ಣೆದುರು ಪಾಲು ಮಾಡಬೇಕು, ಆಮೇಲೆ ಆ ಮನುಷ್ಯನನ್ನು ಬಿಟ್ಟುಬಿಡಬೇಕು. ಇದು ಸಾಲ ಮನ್ನಾ ಅಲ್ಲ. ಮನ್ನಾದಲ್ಲಿ ಸರ್ಕಾರ ಕಟ್ಟುತ್ತದೆ. ಇಲ್ಲಿ ಸಾಲಗಾರ ತನ್ನಲ್ಲಿರುವುದನ್ನೆಲ್ಲ ಬಿಚ್ಚಿ ತೋರಿಸಿ ಒಪ್ಪಿಸುತ್ತಾನೆ.

ಹಾಗಾದರೆ ಮೂರನೇ ಭಾಗ ಬರುವ ತನಕ ನಮ್ಮ ಜನರಿಗೆ ಏನೂ ಇಲ್ಲವೇ? ಇದೆ. ಅದು ಎಷ್ಟು ಹಳೆಯದೆಂದರೆ, ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದ್ದು: 1920ರ ಪ್ರಾವಿನ್ಶಿಯಲ್ ಇನ್ಸಾಲ್ವೆನ್ಸಿ ಕಾಯ್ದೆ. ಹೊಸ ಸಂಹಿತೆ ಇದನ್ನು ರದ್ದು ಮಾಡುತ್ತೇನೆ ಎಂದು 243ನೇ ಸೆಕ್ಷನ್ನಿನಲ್ಲಿ ಹೇಳಿತು, ಆದರೆ ಆ ಸೆಕ್ಷನ್ನೂ ಜಾರಿಗೆ ಬರಲಿಲ್ಲ. ಹಾಗಾಗಿ ವ್ಯಕ್ತಿಗಳು ಹಳೆಯ ಕಾಯ್ದೆಯಡಿಯೇ ನ್ಯಾಯಾಲಯಕ್ಕೆ ಹೋಗಬೇಕು ಎಂದು 2017ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯವೇ ಸ್ಪಷ್ಟಪಡಿಸಿತು. ನಮ್ಮ ಕಡೆ ‘ಪಾಪರ್ ತೆಗೆದುಕೊಂಡ’ ಎಂದು ದನಿ ತಗ್ಗಿಸಿ ಹೇಳುತ್ತಾರಲ್ಲ, ಆ ಅರ್ಜಿ ಇದೇ.

ಅದರಲ್ಲಿ ಏನಿದೆ ಎಂದು ಇಲ್ಲಿ ಬರೆಯುತ್ತೇನೆ, ಏಕೆಂದರೆ ಇದನ್ನು ಓದುತ್ತಿರುವ ಕೆಲವರಿಗಾದರೂ ಇದು ಬೇಕಾಗಿರಬಹುದು. ಸಾಲ 500 ರೂಪಾಯಿ ಇಲ್ಲವೇ ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಡಿಕ್ರಿಗಾಗಿ, ಅಂದರೆ ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪಿಗಾಗಿ, ಬಂಧನವಾಗಿದ್ದರೆ ಅಥವಾ ಜಪ್ತಿ ಆದೇಶ ಬಂದಿದ್ದರೆ, ಸಾಲಗಾರನೇ ಅರ್ಜಿ ಹಾಕಬಹುದು. ಜಿಲ್ಲಾ ನ್ಯಾಯಾಲಯಕ್ಕೆ ಅಧಿಕಾರವಿದೆ. ಅರ್ಜಿಯಲ್ಲಿ ಎಲ್ಲ ಸಾಲ ಕೊಟ್ಟವರ ಹೆಸರು, ವಿಳಾಸ, ಮೊತ್ತ, ತನ್ನ ಎಲ್ಲ ಆಸ್ತಿಯ ವಿವರ ಕೊಡಬೇಕು. ಲೆಕ್ಕದ ಪುಸ್ತಕ ಹಾಜರುಪಡಿಸಬೇಕು. ನ್ಯಾಯಾಲಯ ದಿವಾಳಿ ಎಂದು ಘೋಷಿಸಿದ ಮೇಲೆ ಆಸ್ತಿ ನ್ಯಾಯಾಲಯ ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ, ಸಾಲ ಕೊಟ್ಟವರು ನ್ಯಾಯಾಲಯದ ಅನುಮತಿ ಇಲ್ಲದೆ ಬೇರೆ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣೆಯ ಆದೇಶವನ್ನೂ ಕೇಳಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಜಪ್ತಿಯಿಂದ ಹೊರಗಿಟ್ಟ ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಕುಶಲಕರ್ಮಿಯ ಸಲಕರಣೆ ಇಲ್ಲಿಯೂ ಉಳಿಯುತ್ತವೆ.

ಆದರೆ ಸಾಲದಿಂದ ಬಿಡುಗಡೆ ಸುಲಭವಲ್ಲ. ಆಸ್ತಿ ಮಾರಿದರೆ ಭದ್ರತೆ ಇಲ್ಲದ ಸಾಲದ ರೂಪಾಯಿಗೆ 50 ಪೈಸೆಯಾದರೂ ಹುಟ್ಟದಿದ್ದರೆ, ಅದಕ್ಕೆ ತಾನು ಹೊಣೆಯಲ್ಲ ಎಂದು ಸಾಲಗಾರ ನ್ಯಾಯಾಲಯಕ್ಕೆ ಮನದಟ್ಟು ಮಾಡಬೇಕು. ಇಲ್ಲವಾದರೆ ಪೂರ್ಣ ಬಿಡುಗಡೆ ಸಿಗುವುದಿಲ್ಲ. ಮೀನು ಸಿಗದಿದ್ದಕ್ಕೆ ಮೀನುಗಾರ ಹೊಣೆಯಲ್ಲ ಎಂದು ಹೇಳುವುದು ಸುಲಭ, ಸಾಬೀತುಪಡಿಸುವುದು ಕಷ್ಟ. 500 ರೂಪಾಯಿಯ ಆ ಗೆರೆ ನೂರು ವರ್ಷ ಹಿಂದಿನದು ಎಂಬುದರಿಂದಲೇ ಗೊತ್ತಾಗುತ್ತದೆ, ಈ ಕಾಯ್ದೆಯನ್ನು ಯಾರೂ ಮುಟ್ಟಿ ನೋಡಿಲ್ಲ. ನಾನು ಮಾತನಾಡಿಸಿದ ಯುವ ವಕೀಲರಲ್ಲಿ ಹಲವರು ಈ ಅರ್ಜಿಯನ್ನು ಓದಿದ್ದು ಪರೀಕ್ಷೆಗಾಗಿ ಮಾತ್ರ. ಅವರನ್ನು ದೂರುವುದಿಲ್ಲ. ಯಾರೂ ಬಂದು ಕೇಳದ ಅರ್ಜಿಯನ್ನು ಅವರು ಯಾಕೆ ಕಲಿಯಬೇಕು?

ಹೊಸ ಕಾನೂನು ಇದಕ್ಕಿಂತ ಎಷ್ಟೋ ಮನುಷ್ಯತ್ವ ಉಳ್ಳದ್ದು. ಅರ್ಜಿ ಹಾಕಿದ ಕ್ಷಣದಿಂದ ಸಾಲ ವಸೂಲಿಗೆ ಮಧ್ಯಂತರ ತಡೆ. ಅರ್ಜಿ ಅಂಗೀಕಾರವಾದ ಮೇಲೆ 180 ದಿನದ ತನಕ ತಡೆ. ಆ ಅವಧಿಯಲ್ಲಿ ದಿವಾಳಿ ಪ್ರಕ್ರಿಯೆ ನಡೆಸುವ ವೃತ್ತಿಪರರೊಬ್ಬರ ಜೊತೆ ಕುಳಿತು ಮರುಪಾವತಿ ಯೋಜನೆ ಬರೆಯಬೇಕು. ಸಾಲ ಕೊಟ್ಟವರಲ್ಲಿ ಮೊತ್ತದ ಲೆಕ್ಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವರು ಒಪ್ಪಿದರೆ ಅದು ಎಲ್ಲರಿಗೂ ಅನ್ವಯ. ಯೋಜನೆ ಮುರಿದುಬಿದ್ದು ದಿವಾಳಿ ಆದೇಶವೇ ಆದರೂ, ಒಂದು ವರ್ಷ ಕಳೆದರೆ ಸಾಲದಿಂದ ಬಿಡುಗಡೆ. ದುಡಿಮೆಯ ಸಲಕರಣೆ, ಮನೆಯ ಸಾಮಾನು, ಧಾರ್ಮಿಕ ಪದ್ಧತಿಯಂತೆ ಮೈಮೇಲಿಂದ ತೆಗೆಯಲಾಗದ ಆಭರಣ, ಇವನ್ನು ಹೊರಗಿಡಲು ಸಂಹಿತೆಯಲ್ಲೇ ಅವಕಾಶವಿದೆ. ಕರಿಮಣಿ ಸರವನ್ನೂ ಅಡವಿಡಬೇಕಾಗಿ ಬಂದ ಹೆಂಗಸರನ್ನು ಕಂಡಿರುವ ನನಗೆ, ದೆಹಲಿಯಲ್ಲಿ ಯಾರೋ ಕುಳಿತು ಆ ಸಾಲನ್ನು ಬರೆದರಲ್ಲ ಎಂದು ಓದಿ ಸಮಾಧಾನವಾಯಿತು. ಬರೆದದ್ದನ್ನು ಜಾರಿ ಮಾಡಿ ಎನ್ನುತ್ತಿದ್ದೇನೆ, ಅಷ್ಟೇ.

ಒಂದು ತಿದ್ದುಪಡಿ ಮಾತ್ರ ಬೇಕೇ ಬೇಕು. ತೀರ ಬಡವರು ಸಾಲ ಕಳಚಿಕೊಂಡು ಹೊಸದಾಗಿ ಶುರು ಮಾಡಲು ‘ಫ್ರೆಶ್ ಸ್ಟಾರ್ಟ್’ ಎಂಬ ಪ್ರಕ್ರಿಯೆ ಇಟ್ಟಿದ್ದೀರಿ. ಅದಕ್ಕೆ ಅರ್ಹರಾಗಲು ವರ್ಷದ ಆದಾಯ 60,000 ರೂಪಾಯಿ ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ತಿಂಗಳಿಗೆ 5,000 ರೂಪಾಯಿ. ಉಡುಪಿಯಲ್ಲಿ ಒಂದು ಕೋಣೆಯ ಬಾಡಿಗೆಗೂ ಅದು ಸಾಲದು. ಇನ್ನೊಂದು ಕಡೆ, 2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದ ತನಕ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕಿರುಸಾಲ ಕೊಡಬಹುದು. ಒಂದು ವ್ಯಕ್ತಿಯ ಲೆಕ್ಕ, ಇನ್ನೊಂದು ಮನೆಯ ಲೆಕ್ಕ ಎಂಬುದು ಗೊತ್ತು. ಆದರೂ ಸಾಲ ಕೊಡುವಾಗ 3 ಲಕ್ಷದವರನ್ನು ಬಡವರೆಂದು ಒಪ್ಪುವ ವ್ಯವಸ್ಥೆ, ಅದೇ ಸಾಲದಿಂದ ಹೊರಬರುವಾಗ 60,000ದ ಗೆರೆ ಎಳೆಯುವುದು ಯಾವ ನ್ಯಾಯ? ವಾರದ ಸಂಘದ ಸಾಲದಲ್ಲಿ ಸಿಕ್ಕಿಬಿದ್ದ ನಮ್ಮ ಬೀಡಿ ಕಟ್ಟುವ ಹೆಂಗಸರು ಈ ಎರಡು ಗೆರೆಗಳ ನಡುವೆಯೇ ಇದ್ದಾರೆ. ಒಬ್ಬಳು ಕಂತು ತಪ್ಪಿಸಿದರೆ ಗುಂಪಿನ ಉಳಿದವರು ಕಟ್ಟಬೇಕು. ಹಾಗಾಗಿ ವಸೂಲಿಗೆ ಬಾಗಿಲಿಗೆ ಬರುವವರು ಹೊರಗಿನವರಲ್ಲ, ಅವಳ ಜೊತೆ ಒಂದೇ ಬಾವಿಯ ನೀರು ಸೇದಿದವರು. ಇದಕ್ಕಿಂತ ಕ್ರೂರವಾದ ವಸೂಲಿ ಇಲ್ಲ.

ಶಿಕ್ಷಣ ಸಾಲದ ಬಗ್ಗೆಯೂ ಹೇಳಬೇಕು. ಸಂಹಿತೆ ದಂಡ, ಜೀವನಾಂಶ ಇತ್ಯಾದಿಗಳ ಜೊತೆ ವಿದ್ಯಾರ್ಥಿ ಸಾಲವನ್ನೂ ಹೊರಗಿಟ್ಟಿದೆ. ದಿವಾಳಿಯಾದರೂ ಅದು ಬಿಡುವುದಿಲ್ಲ. ಮಂಗಳೂರು, ಮಣಿಪಾಲ, ಮೂಡುಬಿದಿರೆ ಕಾಲೇಜುಗಳಿರುವ ಊರುಗಳು. ಇಲ್ಲಿನ ಎಷ್ಟೋ ಮನೆಗಳಲ್ಲಿ ಅತಿ ದೊಡ್ಡ ಸಾಲವೆಂದರೆ ಅದೇ, ಸಹ-ಸಾಲಗಾರರಾಗಿ ಸಹಿ ಹಾಕಿದವರು ತಂದೆ ತಾಯಿ. ಕೋರ್ಸ್ ಮುಗಿಸಿ ಇಷ್ಟು ವರ್ಷವಾದ ಮೇಲೂ ಕೆಲಸ ಸಿಗದಿದ್ದರೆ ಪರಿಗಣಿಸಬಹುದು ಎಂದಾದರೂ ಒಂದು ವಾಕ್ಯ ಸೇರಿಸಿ.

ಈ ಜಿಲ್ಲೆಗಳ ಜನ ಸಾಲ ಮುಳುಗಿಸುವವರಲ್ಲ. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಕರ್ನಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಇಲ್ಲೇ, ಮಂಗಳೂರು ಉಡುಪಿಗಳ ನಡುವೆ. ದಿನಕ್ಕೆ ಎರಡಾಣೆ ಉಳಿತಾಯ ಕಟ್ಟಿಸಿಕೊಳ್ಳಲು ಬ್ಯಾಂಕಿನ ಪಿಗ್ಮಿಯವರು ಮನೆ ಬಾಗಿಲಿಗೆ ಬರುತ್ತಿದ್ದ ಊರು ಇದು. ಕಂತು ತಪ್ಪಿತೆಂದರೆ ನಿದ್ದೆ ಬಾರದ ಜನ. ಅದಕ್ಕೇ ಸೋತಾಗ ಇವರು ಹೆಚ್ಚು ಕುಸಿಯುತ್ತಾರೆ. ಊರಿನ ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆಯಲ್ಲಿ ಹಿಂದಿನ ಸಲ ಸಮಿತಿಯಲ್ಲಿದ್ದವರ ಹೆಸರು ಈ ಸಲ ಇಲ್ಲವೆಂದರೆ, ಅದಕ್ಕೆ ಕಾರಣ ಇಡೀ ಗ್ರಾಮಕ್ಕೆ ಗೊತ್ತಿರುತ್ತದೆ. ಮದುವೆಗೆ ಹೋಗುವುದು ಬಿಡುತ್ತಾರೆ. ಮನೆಯ ದೈವದ ಕೋಲಕ್ಕೂ ಹೋಗದೆ ಉಳಿಯುತ್ತಾರೆ. ಕೆಲವರು ರಾತ್ರೋರಾತ್ರಿ ಮುಂಬೈಗೋ ಗಲ್ಫಿಗೋ ಹೊರಟುಬಿಡುತ್ತಾರೆ. ನಮ್ಮವರು ದುಡಿಯಲು ಹೋಗುವ ಯುಎಇಯಲ್ಲಿ ಸಾಮಾನ್ಯ ವ್ಯಕ್ತಿಗಳಿಗಾಗಿಯೇ ಮಾಡಿದ ದಿವಾಳಿ ಕಾನೂನು 2020ರಿಂದ ಜಾರಿಯಲ್ಲಿದೆ ಎಂಬುದನ್ನು ಇಲ್ಲಿ ನೆನಪಿಸಬೇಕು.

ಮಂಗಳೂರಿನ ನೇತ್ರಾವತಿ ಸೇತುವೆಯಿಂದ ಯಾರೂ ನದಿಗೆ ಹಾರದಿರಲೆಂದು ಎರಡೂ ಬದಿಗೆ ಕಬ್ಬಿಣದ ಬಲೆ ಕಟ್ಟಿದ್ದಾರೆ. ಕಟ್ಟಬೇಕಾದದ್ದೇ. ಆದರೆ ಅಲ್ಲಿಗೆ ಬರುವ ಮುಂಚೆ ಒಬ್ಬ ಸಾಲಗಾರ ಹೋಗಬಹುದಾದ ಜಾಗ ಅದೇ ಊರಿನ ಕರಂಗಲ್ಪಾಡಿಯ ನ್ಯಾಯಾಲಯದಲ್ಲಿ ಇರಬೇಕಿತ್ತು. ಸಾಲದ ಒತ್ತಡದಲ್ಲಿ ಜೀವವೇ ಬೇಡ ಎನಿಸಿದವರು ಇದನ್ನು ಓದುತ್ತಿದ್ದರೆ, 14416ಕ್ಕೆ ಕರೆ ಮಾಡಿ, ಅದು ಟೆಲಿಮಾನಸ್, ಕನ್ನಡದಲ್ಲಿ ಮಾತನಾಡುತ್ತಾರೆ. ಸಾಲ ಎಂಬುದು ಸಿವಿಲ್ ವ್ಯಾಜ್ಯ. ಕೊಡುವ ಶಕ್ತಿಯೇ ಇಲ್ಲದವನನ್ನು, ಅವನಲ್ಲಿ ಮೋಸದ ಉದ್ದೇಶ ಇಲ್ಲದಿದ್ದಾಗ, ಡಿಕ್ರಿ ಹಣಕ್ಕಾಗಿ ಜೈಲಿಗೆ ಹಾಕುವಂತಿಲ್ಲ ಎಂದು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಬ್ಯಾಂಕಿನ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ. ಕಿರುಸಾಲದ ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು ವಿಧಿಸುವ ಕಾನೂನನ್ನು ರಾಜ್ಯ ಸರ್ಕಾರ 2025ರಲ್ಲಿ ತಂದಿದೆ. ಇವೆಲ್ಲ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಈ ಮಾತಿಗೆ ಬರುವ ಆಕ್ಷೇಪ ನನಗೆ ಗೊತ್ತು. ಆಸ್ತಿಯನ್ನೆಲ್ಲ ಹೆಂಡತಿ ಮಕ್ಕಳ ಹೆಸರಿಗೆ ಬರೆದು ಪಾಪರ್ ಆಗುವವರಿಗೆ ಇದು ಹಬ್ಬವಲ್ಲವೇ ಎನ್ನುತ್ತಾರೆ. ಸಹಕಾರಿ ಸಂಘದಲ್ಲಿ ನಿವೃತ್ತಿಯ ಹಣ ಇಟ್ಟ ಮೇಷ್ಟ್ರ ಗತಿ ಏನು ಎನ್ನುತ್ತಾರೆ. ಎರಡನೆಯದು ನ್ಯಾಯವಾದ ಪ್ರಶ್ನೆ; ಅದಕ್ಕೇ ಹೇಳುತ್ತಿದ್ದೇನೆ, ಎಲ್ಲರೂ ಒಂದೇ ಮೇಜಿಗೆ ಬಂದರೆ ಸಂಘಕ್ಕೂ ಅದರ ಪಾಲು ಸಿಗುತ್ತದೆ; ಈಗ ಮೀಟರ್ ಬಡ್ಡಿಯವನು ತಿಂದು ಉಳಿದದ್ದು ಮಾತ್ರ ಸಂಘಕ್ಕೆ. ಮೊದಲನೆಯದಕ್ಕೆ 1920ರ ಕಾಯ್ದೆಯಲ್ಲೇ ಉತ್ತರವಿದೆ. ಹಿಂದಿನ ಎರಡು ವರ್ಷಗಳಲ್ಲಿ ಸದುದ್ದೇಶವಿಲ್ಲದೆ, ಸರಿಯಾದ ಬೆಲೆ ಪಡೆಯದೆ ಮಾಡಿದ ವರ್ಗಾವಣೆಯನ್ನು ನ್ಯಾಯಾಲಯ ರದ್ದುಮಾಡಬಹುದು. ವಂಚಿಸಿ ಮಾಡಿದ ಸಾಲ ಬಿಡುಗಡೆಯಾದ ಮೇಲೂ ಉಳಿಯುತ್ತದೆ. ಆಸ್ತಿ ಮುಚ್ಚಿಟ್ಟರೆ ಜೈಲು. ಅಡಮಾನ ಇಟ್ಟುಕೊಂಡ ಬ್ಯಾಂಕಿಗೆ ತನ್ನ ಅಡಮಾನದ ಮೇಲಿನ ಹಕ್ಕು ಹಾಗೆಯೇ ಇರುತ್ತದೆ. ಬಿಡುಗಡೆಯಾಗದ ದಿವಾಳಿ ವಿಧಾನಸಭೆಗೂ ಲೋಕಸಭೆಗೂ ಅನರ್ಹ ಎಂದು ಸಂವಿಧಾನವೇ ಹೇಳುತ್ತದೆ. ಮೋಸಗಾರ ಯಾವತ್ತೂ ನ್ಯಾಯಾಲಯಕ್ಕೆ ಹೋಗಿ ತನ್ನ ಲೆಕ್ಕ ಬಿಚ್ಚಿಡುವುದಿಲ್ಲ. ಅವನಿಗೆ ಈಗಿನ ಗೊಂದಲವೇ ಅನುಕೂಲ.

ಎಲ್ಲವನ್ನೂ ಈ ಕಾನೂನು ಸರಿಮಾಡುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸಾಲಗಾರ ಬಿಡುಗಡೆಯಾದರೂ ಅವನಿಗೆ ಜಾಮೀನು ನಿಂತ ಭಾವ ಬಿಡುಗಡೆಯಾಗುವುದಿಲ್ಲ. ಚೆಕ್ ಅಮಾನ್ಯದ 138ನೇ ಸೆಕ್ಷನ್ ಪ್ರಕರಣ ಬೇರೆಯಾಗಿಯೇ ನಡೆಯುತ್ತದೆ. ಖಾಲಿ ಚೆಕ್ ಕೊಡಬೇಡಿ ಎಂದು ನಮ್ಮ ಕಚೇರಿಗೆ ಬರುವ ಪ್ರತಿಯೊಬ್ಬರಿಗೂ ಅದಕ್ಕೇ ಹೇಳುತ್ತೇನೆ.

ಇನ್ನು ಜಾಗದ ವಿಷಯ. ಹೊಸ ಸಂಹಿತೆಯಲ್ಲಿ ವ್ಯಕ್ತಿಗಳ ಅರ್ಜಿ ಹೋಗಬೇಕಾದದ್ದು ಸಾಲ ವಸೂಲಾತಿ ನ್ಯಾಯಮಂಡಳಿಗೆ. ಕರ್ನಾಟಕದಲ್ಲಿ ಅದು ಇರುವುದು ಬೆಂಗಳೂರಿನಲ್ಲಿ. ಮಂಗಳೂರಿನಿಂದ ಸುಮಾರು 350 ಕಿ.ಮೀ.; ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಅದೂ ಇಲ್ಲ. ಕೈಯಲ್ಲಿ ಕಾಸಿಲ್ಲ ಎಂದು ಹೇಳಲು ಹೋಗುವವನಿಗೆ ಬಸ್ಸಿನ ಖರ್ಚು, ಲಾಡ್ಜಿನ ಖರ್ಚು, ವಕೀಲರ ಖರ್ಚು ಹೊರಿಸಬೇಡಿ. ಜಾರಿ ಮಾಡುವಾಗಲೇ ಮಂಗಳೂರಿನಲ್ಲಿ ಸಂಚಾರಿ ಪೀಠ ಕೊಡಿ, ಅಥವಾ ಸಣ್ಣ ಮೊತ್ತದ ಅರ್ಜಿಗಳನ್ನು ಜಿಲ್ಲಾ ನ್ಯಾಯಾಲಯದಲ್ಲೇ ಉಳಿಸಿ. ಅರ್ಜಿ ನಮೂನೆ ಕನ್ನಡದಲ್ಲಿರಲಿ.

ಅಷ್ಟರ ತನಕ ಕಾನೂನು ಸೇವಾ ಪ್ರಾಧಿಕಾರಗಳಲ್ಲಿ ನನ್ನ ವಿನಂತಿ. ನಿಮ್ಮ 15100 ಸಹಾಯವಾಣಿ ಇದೆ, ಲೋಕ ಅದಾಲತ್ ಇದೆ, ಹೆಂಗಸರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರನ್ನು ಕೊಡುವ 1987ರ ಕಾಯ್ದೆ ಇದೆ. ಉಡುಪಿ ಮತ್ತು ಮಂಗಳೂರಿನ ನ್ಯಾಯಾಲಯ ಸಂಕೀರ್ಣಗಳಲ್ಲಿ ವಾರಕ್ಕೊಂದು ದಿನ ಸಾಲಗಾರರಿಗಾಗಿ ಒಂದು ಮೇಜು ಹಾಕಿ. ಬಂದವರಿಗೆ 1920ರ ಕಾಯ್ದೆಯ ಅರ್ಜಿ ಯಾವುದು, ಬ್ಯಾಂಕಿನ ಒಂದೇ ಬಾರಿಯ ತೀರುವಳಿ ಯಾವುದು, ಲೋಕ ಅದಾಲತ್‌ನಲ್ಲಿ ಯಾವುದನ್ನು ಮುಗಿಸಬಹುದು ಎಂದು ಬಿಡಿಸಿ ಹೇಳುವ ವಕೀಲರೊಬ್ಬರು ಅಲ್ಲಿರಲಿ. ಪ್ಲಾಸ್ಟಿಕ್ ಚೀಲದ ಕಾಗದಗಳನ್ನು ಜೋಡಿಸಿ, ಯಾರಿಗೆ ಎಷ್ಟು, ಅಸಲು ಎಷ್ಟು, ಬಡ್ಡಿ ಎಷ್ಟು ಎಂಬ ಪಟ್ಟಿ ಮಾಡುವ ಕೆಲಸಕ್ಕೆ ನಾನು ಬರುತ್ತೇನೆ. ಸಂಬಳ ಬೇಡ. ನನ್ನಂತೆ ಲೆಕ್ಕ ಬರೆಯುವ ಇನ್ನೂ ಕೆಲವರು ಬರುತ್ತೇವೆ ಎಂದು ಒಪ್ಪಿದ್ದಾರೆ. ದಿನ ಮತ್ತು ಕೋಣೆ ಯಾವುದೆಂದು ತಿಳಿಸಿದರೆ ಸಾಕು.

ಇಂತಿ,
ಲೆಕ್ಕ ಬರೆಯುವವಳು, ಉಡುಪಿ